ನೇಪಲ್ಸ್‌ನಲ್ಲಿ ಹಡಗು ನಿಲ್ಲುವುದು ಒಂದೇ ಹಗಲು, ಪೊಂಪೆಯಿ, ಸೊರೆಂಟೊ, ಪೊಸಿಟಾನೊ ಮೂರೂ ಆಗುತ್ತಾ?

ಕುಕ್ಕರಹಳ್ಳಿ_ವಾಕರ್:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಸೆಪ್ಟೆಂಬರಿನಲ್ಲಿ ಅಪ್ಪ ಅಮ್ಮನನ್ನು ಮೆಡಿಟರೇನಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಇಟಲಿಯ ನೇಪಲ್ಸ್‌ನಲ್ಲಿ ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ. ಟ್ರಾವೆಲ್ ಏಜೆಂಟ್ "ಮೂರೂ ಊರು ಆರಾಮಾಗಿ ಆಗುತ್ತೆ ಸರ್, ಒಂದು ವ್ಯಾನ್ ಮಾಡಿಕೊಡ್ತೀನಿ" ಅನ್ನುತ್ತಿದ್ದಾರೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಅಪ್ಪ ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಹಂಪಿಗೆ ಹೋದರೆ ಗೈಡ್‌ಗೇ ಪಾಠ ಹೇಳುವವರು, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಪೊಂಪೆಯಿ ನೋಡಲೇಬೇಕು ಅಂತ ಕೂತಿದ್ದಾರೆ. ಅಮ್ಮನಿಗೆ ಮಂಡಿನೋವು. ಜಾಸ್ತಿ ಮೆಟ್ಟಿಲು ಆಗಲ್ಲ, ಬೆಳ್ಳುಳ್ಳಿನೂ ತಿನ್ನಲ್ಲ. ಹಡಗಿನವರ ಟೂರ್ ತಗೊಳ್ಳೋದಾ, ನಾವೇ ಹೋಗೋದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಂಡ್ಯದ_ಅಲೆಮಾರಿ:
ಏಜೆಂಟ್ ಮಾತು ಬಿಡಿ ಸರ್. 8ಕ್ಕೆ ಹಡಗು ನಿಂತರೂ ನಿಮ್ಮ ಕಾಲು ನೆಲಕ್ಕೆ ತಾಗುವಾಗ ಎಂಟೂವರೆ ದಾಟಿರುತ್ತದೆ. 6ಕ್ಕೆ ಹೊರಡುತ್ತದೆ ಅಂದರೆ ಐದೂವರೆಗೆಲ್ಲ ಹತ್ತಿರಬೇಕು, ಕೆಲವು ಹಡಗಿನಲ್ಲಿ ಇನ್ನೂ ಮುಂಚೆ. ನಿಮ್ಮ ಹತ್ತು ಗಂಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಇಲ್ಲೇ ಹೋಯಿತು. ಪೊಸಿಟಾನೊ ಫೋಟೋದಲ್ಲಿ ಚೆನ್ನಾಗಿದೆ, ಆದರೆ ಆ ಊರೇ ಬೆಟ್ಟಕ್ಕೆ ಅಂಟಿಕೊಂಡಿರುವ ಮೆಟ್ಟಿಲು. ಅಲ್ಲಿಗೆ ಹೋಗುವ ಕರಾವಳಿ ರಸ್ತೆ ಕಿರಿದು, ಎರಡು ಬಸ್ ಎದುರಾದರೆ ಒಂದು ಹಿಂದೆ ಹೋಗಬೇಕು, ಸೀಸನ್‌ನಲ್ಲಿ ಜಾಮ್ ಆಗುವುದು ಮಾಮೂಲು. ಅಮ್ಮನ ಮಂಡಿ ನೋಡಿ ಅದನ್ನು ಕೈಬಿಡಿ.

ಪೊಂಪೆಯಿ ಒಂದಕ್ಕೇ ಅರ್ಧ ದಿನ ಬೇಕು. ಸುಮಾರು 66 ಹೆಕ್ಟೇರ್ ಇದೆ, ಅದರಲ್ಲಿ ಮೂರರಲ್ಲಿ ಒಂದು ಭಾಗ ಇನ್ನೂ ಅಗೆದಿಲ್ಲ, ಅಗೆದಿರುವುದನ್ನು ನೋಡುವಷ್ಟರಲ್ಲೇ ನಮ್ಮ ಉಸಿರು ಹೋಗುತ್ತದೆ. ರಸ್ತೆಗೆಲ್ಲ ದಪ್ಪ ಲಾವಾ ಕಲ್ಲಿನ ಚಪ್ಪಡಿ ಹಾಸಿದ್ದಾರೆ, ಅದರ ಮೇಲೆ ಗಾಡಿ ಚಕ್ರ ಓಡಿ ಓಡಿ ಕೊರೆದ ಗುಂಡಿಗಳು. ರಸ್ತೆ ದಾಟುವ ಕಡೆ ಎತ್ತರದ ಕಲ್ಲು ಸಾಲಾಗಿ ನಿಲ್ಲಿಸಿದ್ದಾರೆ, ಆಗಿನ ಜನ ನೀರು ಗಲೀಜು ತುಳಿಯದೆ ದಾಟಲಿ ಅಂತ, ನಡುವಿನ ಸಂದಿಯಲ್ಲಿ ಚಕ್ರ ಹೋಗಲಿ ಅಂತ. ನೋಡೋಕೆ ಬಹಳ ಚೆಂದ, ಮಂಡಿಗೆ ಶಿಕ್ಷೆ. ನೆರಳೂ ಕಡಿಮೆ. ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲ್ ಒಯ್ಯಿರಿ. ಪಿಯಾಜ್ಜಾ ಅನ್ಫಿತಿಯಾತ್ರೊ ಕಡೆಯ ಗೇಟಿನಿಂದ ನಡೆಯಲು ಕಷ್ಟವಿರುವವರಿಗೆ ಅಂತಲೇ ಒಂದು ಸಮತಟ್ಟು ದಾರಿ ಮಾಡಿದ್ದಾರೆ, ಪೊಂಪೆಯಿಗೇ ಹೋದರೆ ಅಲ್ಲಿಂದ ಒಳಗೆ ಹೋಗಿ.

ಗೋಕುಲಂ_ಮೇಡಂ:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ಸೇರಿಸುತ್ತೇನೆ. ವಯಸ್ಸಾದವರ ಜೊತೆ ಇದ್ದರೆ ಹಡಗಿನವರ ಟೂರ್ ತಗೊಳ್ಳಿ. ದುಡ್ಡು ಜಾಸ್ತಿ, ನಲವತ್ತು ಜನರ ಹಿಂಡಿನಲ್ಲಿ ಒಬ್ಬಳ ಕೈಯಲ್ಲಿರುವ ಬೋರ್ಡ್ ಹಿಂದೆ ಓಡಬೇಕು, ಎಲ್ಲ ನಿಜ. ಆದರೆ ಅವರ ಬಸ್ ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿ ರೈಲು ಕೈಕೊಟ್ಟರೆ ಕಾಯಲ್ಲ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು.

ಇನ್ನೊಂದು. ನಿಮ್ಮ ಹಡಗು ನಡುವೆ ಟರ್ಕಿಗೆ ಹೋಗಿ ಮತ್ತೆ ಇಟಲಿಗೋ ಗ್ರೀಸಿಗೋ ಬರುತ್ತಾ? ಹಾಗಿದ್ದರೆ ಷೆಂಗೆನ್ ವೀಸಾ (ಇಟಲಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಲ್ಟಿಪಲ್ ಎಂಟ್ರಿ ಇರಲೇಬೇಕು, ಟರ್ಕಿಗೆ ವೀಸಾ ಬೇಕಾ ಅಂತ ಹಡಗಿನವರನ್ನು ಕೇಳಿ. ಈಗಲೇ ನೋಡಿಕೊಳ್ಳಿ.

ಚಾಮುಂಡಿಪುರಂ_ಪುಟ್ಟ:
ನಾನು ಒಪ್ಪಲ್ಲ ಮೇಡಂ. ನೇಪಲ್ಸ್‌ನಲ್ಲಿ ಬಂದರು ಊರಿನ ಒಳಗೇ ಇದೆ, ಇಳಿದರೆ ಎದುರಿಗೇ ಕೋಟೆ. ರೋಮ್‌ಗೆ ಹೋಗುವ ಹಾಗೆ ಚಿವಿಟವೆಕ್ಕಿಯಾ ಬಂದರಿನಿಂದ ಗಂಟೆಗಟ್ಟಲೆ ಪ್ರಯಾಣ ಇಲ್ಲ. ಇಲ್ಲಿ ನಾವೇ ಹೋಗಬಹುದು.

ಆದರೆ ಪೊಂಪೆಯಿ ಬದಲು ಎರ್ಕೊಲಾನೊ ನೋಡಿ, ಅದೇ ಹರ್ಕ್ಯುಲೇನಿಯಂ. ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಸಿಡಿದಾಗ ಎರಡೂ ಊರು ಮುಚ್ಚಿಹೋದವು. ಪೊಂಪೆಯಿ ಮೇಲೆ ಬೂದಿ, ಹಗುರ ಕಲ್ಲು ಸುರಿದು ಚಾವಣಿಗಳು ಕುಸಿದವು. ಎರ್ಕೊಲಾನೊ ಮೇಲೆ ಬಿಸಿ ಅನಿಲ, ಬೂದಿಯ ಪ್ರವಾಹವೇ ನುಗ್ಗಿ ಹತ್ತಿರ ಹತ್ತಿರ 20 ಮೀಟರ್ ಆಳಕ್ಕೆ ಊರನ್ನು ಹೂತುಹಾಕಿತು. ಅದಕ್ಕೇ ಅಲ್ಲಿ ಮೇಲಂತಸ್ತಿನ ಮನೆಗಳು, ಸುಟ್ಟು ಇದ್ದಿಲಾದ ಮರದ ತೊಲೆ, ಬಾಗಿಲು ಇವತ್ತಿಗೂ ಇವೆ. ನಮ್ಮ ತಲಕಾಡಿನಲ್ಲಿ ಮರಳಿನಿಂದ ಬಿಡಿಸಿದ ದೇವಸ್ಥಾನ ನೋಡೋಕೆ ಕೆಳಗಿಳಿಯುತ್ತೇವಲ್ಲ, ಇಲ್ಲೂ ಹಾಗೇ, ಈಗಿನ ಊರು ಮೇಲೆ, ಹಳೇ ಊರು ಹಳ್ಳದಲ್ಲಿ. ಹಳೇ ಕಡಲತೀರದಲ್ಲಿ ದೋಣಿ ಇಡುವ ಕಮಾನುಗಳಿವೆ, ಹಡಗು ಬರುತ್ತೆ ಅಂತ ಕಾದು ಅಲ್ಲೇ ಸತ್ತ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕಿದ್ದು ಅಲ್ಲಿ. ಈಗ ಅಲ್ಲಿ ನಿಂತರೆ ಸಮುದ್ರ ಕಾಣಲ್ಲ. ಆ ಸ್ಫೋಟವೇ ದಡವನ್ನು ಮುಂದಕ್ಕೆ ತಳ್ಳಿಬಿಟ್ಟಿತು. ಎರಡು ಗಂಟೆಯಲ್ಲಿ ಪೂರ್ತಿ ನೋಡಬಹುದು.

ಅಲ್ಲಿಗೆ ಹೋಗುವ ಲೋಕಲ್ ರೈಲು ಚಿರ್ಕುಮ್‌ವೆಸುವಿಯಾನಾ. ಅದರಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ, ಜೇಬು ಹುಷಾರು. ಎಲ್ಲರೂ ಗರಿಬಾಲ್ಡಿ ಸ್ಟೇಷನ್‌ನಲ್ಲಿ ಹತ್ತುತ್ತಾರೆ, ಆದರೆ ರೈಲು ಹೊರಡುವುದು ಹಿಂದಿನ ಪೋರ್ತಾ ನೊಲಾನಾದಿಂದ. ಅಲ್ಲಿ ಹತ್ತಿದರೆ ಸೀಟು ಸಿಗುತ್ತದೆ.

ಮಂಡ್ಯದ_ಅಲೆಮಾರಿ:
ಪುಟ್ಟಣ್ಣ, ಹಿಸ್ಟರಿ ಮೇಷ್ಟ್ರನ್ನ ನೇಪಲ್ಸ್‌ವರೆಗೆ ಕರೆದುಕೊಂಡು ಹೋಗಿ ಪೊಂಪೆಯಿ ಬೇಡ ಅಂದರೆ ಮನೆಗೆ ಸೇರಿಸುತ್ತಾರಾ?

ಗೋಕುಲಂ_ಮೇಡಂ:
ಹಾಗಾದರೆ ಮ್ಯೂಸಿಯಂ ಸೇರಿಸಿಕೊಳ್ಳಿ. ಪೊಂಪೆಯಿಯ ಒಳ್ಳೊಳ್ಳೆ ಗೋಡೆಚಿತ್ರ, ಮೊಸಾಯಿಕ್ ಬಹಳಷ್ಟು ಕಿತ್ತು ತಂದಿಟ್ಟಿರುವುದು ನೇಪಲ್ಸ್ ಪುರಾತತ್ವ ಮ್ಯೂಸಿಯಂನಲ್ಲಿ. ಮೆಟ್ರೊ 1ನೇ ಲೈನಿನಲ್ಲಿ ಮೂಸೆಒ ಸ್ಟೇಷನ್. ಮೇಷ್ಟ್ರಿಗೆ ಖುಷಿ ಆಗುವ ವಸ್ತು ಒಂದಿದೆ. 1938ರಲ್ಲಿ ಪೊಂಪೆಯಿಯಲ್ಲಿ ಸಿಕ್ಕ ದಂತದ ಹೆಣ್ಣು ಗೊಂಬೆ, ಭಾರತದಲ್ಲಿ ಕೆತ್ತಿದ್ದು. ಪೊಂಪೆಯಿ ಲಕ್ಷ್ಮಿ ಅಂತ ಹೆಸರಾಗಿದೆ, ಯಕ್ಷಿ ಇರಬೇಕು ಅನ್ನುವವರೂ ಇದ್ದಾರೆ. ಒಂದೇ ತೊಂದರೆ ಅಂದರೆ ಅದನ್ನು ಇಟ್ಟಿರುವುದು 'ರಹಸ್ಯ ಕೋಣೆ'ಯಲ್ಲಿ, ಅಕ್ಕಪಕ್ಕದ ಚಿತ್ರಗಳು ಅಪ್ಪ ಅಮ್ಮನ ಜೊತೆ ನಿಂತು ನೋಡುವಂಥವಲ್ಲ. ಅವರನ್ನು ಒಳಗೆ ಕಳಿಸಿ ನೀವು ಹೊರಗೆ ನಿಂತುಬಿಡಿ.

ಮಂಗಳವಾರ ರಜ, ನೆನಪಿರಲಿ.

ಕುಕ್ಕರಹಳ್ಳಿ_ವಾಕರ್:
ಎಲ್ಲರಿಗೂ ಥ್ಯಾಂಕ್ಸ್. ಈಗ ಟಿಕೆಟ್ ತೆಗೆದು ನೋಡಿದೆ, ನಮ್ಮ ಹಡಗು ನಿಲ್ಲುವುದು ಮಂಗಳವಾರವೇ! ಮ್ಯೂಸಿಯಂ ಹೋಯಿತು. ಅಪ್ಪನನ್ನು ಕೇಳಿದೆ. ಎರ್ಕೊಲಾನೊ ದೋಣಿ ಕಮಾನಿನ ವಿಷಯ ಓದಿ ಹೇಳಿದ ಮೇಲೆ "ಎರಡೂ ನೋಡೋಣ" ಅನ್ನುತ್ತಿದ್ದಾರೆ. ಸೊರೆಂಟೊ, ಪೊಸಿಟಾನೊ ಎರಡೂ ಕ್ಯಾನ್ಸಲ್.

ಚಾಮುಂಡಿಪುರಂ_ಪುಟ್ಟ:
ಎರಡೂ ಬೇಡ ಸರ್, ಒಂದೇ ಸಾಕು, ಅಮ್ಮನೂ ಜೊತೆಗಿದ್ದಾರೆ. ಮೇಷ್ಟ್ರು ಪಟ್ಟು ಹಿಡಿದರೆ ನೀವು ಅಪ್ಪ ಪೊಂಪೆಯಿ, ಅಮ್ಮ ಮತ್ತೆ ನಿಮ್ಮ ಮನೆಯವರು ನೇಪಲ್ಸ್‌ನಲ್ಲೇ ಪಿಜ್ಜಾ. ಮರಿನಾರಾದಲ್ಲಿ ಬೆಳ್ಳುಳ್ಳಿ ಇರುತ್ತದೆ, ಮಾರ್ಗೆರಿಟಾ ಹೇಳಿ. ಪೊಂಪೆಯಿಗೆ ಈಗ ದಿನಕ್ಕೆ 20,000 ಜನ ಮಾತ್ರ, ಟಿಕೆಟ್ ಮೇಲೆ ಹೆಸರು ಇರುತ್ತದೆ, ಮೊದಲೇ ಆನ್‌ಲೈನ್‌ನಲ್ಲಿ ಮಾಡಿ ಗುರುತಿನ ಚೀಟಿ ಒಯ್ಯಿರಿ. ಇಳಿಯುವ ಸ್ಟೇಷನ್ 'ಪೊಂಪೆಯಿ ಸ್ಕಾವಿ'. ಬರೀ 'ಪೊಂಪೆಯಿ' ಅಂತ ಬೇರೆ ರೈಲಿನ ಸ್ಟೇಷನ್ ಇದೆ, ಅದು ಈಗಿನ ಊರಿನೊಳಗೆ. ವಾಪಸ್ಸು ಮೂರು ಗಂಟೆಯೊಳಗಿನ ರೈಲು ಹಿಡಿಯಿರಿ, ನಾಲ್ಕಕ್ಕೆ ಬಿಡಬೇಡಿ.