ಮಾವಿನ ತೊಗಟೆ ಜಿಸಿ-ಎಂಎಸ್ ರಿಪೋರ್ಟಲ್ಲಿ ಮ್ಯಾಂಜಿಫೆರಿನ್ನೇ ಇಲ್ಲ, ಯಾಕೆ?

ಹಾಸನದ_ಹುಡ್ಗಿ:
ಎಂಎಸ್ಸಿ ಪ್ರಾಜೆಕ್ಟಿಗೆ, ಮಾವಲ್ಲಿರೋ ಮ್ಯಾಂಜಿಫೆರಿನ್ ಅನ್ನೋ ಕಾಂಪೌಂಡ್ ಹುಡುಕೋಕೆ, ನಮ್ ತೋಟದ ಹಳೇ ನಾಟಿ ಮಾವಿನ ತೊಗಟೆ ತಗೊಂಡಿದ್ದೆ. ಜುಲೈ ಮಳೇಲಿ ನೆರಳಲ್ಲಿ ಒಣಗಿಸೋದು ಅಂದ್ರೆ ಗೊತ್ತಲ್ಲ, ಒಂದಷ್ಟು ಬೂಷ್ಟು ಹಿಡೀತು, ಅದನ್ನ ಎಸೆದು ಮಿಕ್ಕಿದ್ದನ್ನ ಪುಡಿ ಮಾಡಿ, ದ್ರಾವಕ ಮತ್ತೆ ಮತ್ತೆ ಹರಿಸಿ ಸಾರ ಇಳಿಸೋ ಸಾಕ್ಸ್‌ಲೆಟ್‌ಗೆ ಹಾಕಿ ಮೆಥನಾಲಲ್ಲಿ 8 ಗಂಟೆ ಓಡಿಸ್ದೆ. ಜೋನಿಬೆಲ್ಲದ ಥರ ಕಂದು ಅಂಟು ಬಂತು. ಹೊರಗಡೆ ದುಡ್ಡು ಕೊಟ್ಟು ಜಿಸಿ-ಎಂಎಸ್ (ಆವಿ ಮಾಡಿ ಬೇರ್ಪಡಿಸಿ, ಒಡೆದು ತೂಕ ನೋಡೋ ಟೆಸ್ಟು) ಮಾಡ್ಸಿದ್ರೆ ಪಾಲ್ಮಿಟಿಕ್ ಆಸಿಡ್, ಸಿಟೋಸ್ಟೆರಾಲ್, ಆಮೇಲೆ ಎಲ್ಲಕ್ಕಿಂತ ದೊಡ್ಡ ಪೀಕು ಯಾವ್ದೋ ಥಾಲೇಟ್. ಮಾವಲ್ಲಿ ಹೊಸ ಕಾಂಪೌಂಡ್ ಸಿಕ್ತು ಅಂತ ಬರೀಬಹುದಾ?

ಲ್ಯಾಬ್_ಕಾಫಿ:
ಅಯ್ಯೋ ಬರೀಬೇಡಿ ಮಾರಾಯ್ರೆ 😄 ಥಾಲೇಟ್ ಅಂದ್ರೆ ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಬೆರೆಸೋದು. ಸ್ಪೆಕ್ಟ್ರಮ್ (ಒಡೆದ ಚೂರುಗಳ ತೂಕದ ಗ್ರಾಫು) ನೋಡಿ, 149ರಲ್ಲಿ ಉದ್ದ ಗೀಟು ನಿಂತಿರುತ್ತೆ. ತೊಗಟೆ ಹಾಕ್ದೆ ಬರೀ ಮೆಥನಾಲನ್ನೇ ಅದೇ ಸೆಟಪ್ಪಲ್ಲಿ ಓಡಿಸಿ, ಅಲ್ಲೂ ಬಂದ್ರೆ ಅದು ಮರದ್ದಲ್ಲ.

ಸಿಲಿಕಾ_ಸಿದ್ದ:
ಮ್ಯಾಂಜಿಫೆರಿನ್ ಜಿಸಿಲಿ ಹೆಂಗ್ ಬರುತ್ತೆ ಹೇಳಿ, ತೂಕ 422, ಮೈತುಂಬ ಹೈಡ್ರಾಕ್ಸಿಲ್ಲು, ಜೊತೆಗೊಂದು ಗ್ಲೂಕೋಸ್ ಬೇರೆ, ಕಾಯಿಸಿದ್ರೆ ಆವಿಯಾಗೋಕ್ ಮೊದ್ಲೇ ಕರಕಲಾಗುತ್ತೆ. ಎಲ್‌ಸಿ-ಎಂಎಸ್ ಮಾಡ್ಸಿ (ಆವಿ ಮಾಡ್ದೆ ದ್ರವದಲ್ಲೇ ಬೇರ್ಪಡಿಸೋದು), ನೆಗೆಟಿವ್ ಮೋಡಲ್ಲಿ ಒಂದು ಹೈಡ್ರೋಜನ್ ಕಳ್ಕೊಂಡು 421, ಅದನ್ನ ಒಡೆದ್ರೆ 331 ಮತ್ತೆ 301. ಗ್ಲೂಕೋಸು ಇಲ್ಲಿ ನೇರ ಕಾರ್ಬನ್ನಿಗೇ ಅಂಟ್ಕೊಂಡಿರೋದ್ರಿಂದ ಅದರ ಪಾಲಿನ ತೂಕ 162 ಇಡಿಯಾಗಿ ಕಳಚಲ್ಲ, 90, 120 ಅಂತ ಚೂರು ಚೂರಾಗಿ ಉದುರುತ್ತೆ. ಆಸಿಡ್ ಹಾಕಿ ಕುದಿಸಿದ್ರೂ ಸುಲಭಕ್ಕೆ ಬಿಡಲ್ಲ. ಅಷ್ಟು ದುಡ್ಡಿಲ್ಲಾಂದ್ರೆ ಒಂಚೂರು ಸ್ಟಾಂಡರ್ಡ್ (ಶುದ್ಧ ಮ್ಯಾಂಜಿಫೆರಿನ್) ತರ್ಸಿ ಎಕ್ಸ್‌ಟ್ರಾಕ್ಟ್ ಪಕ್ಕದಲ್ಲೇ ತಟ್ಟೆ ಮೇಲೆ ಚುಕ್ಕಿ ಇಟ್ಟು ಹೋಲಿಸೋ ಟಿಎಲ್‌ಸಿ ಹಾಕಿ. ಫೆರಿಕ್ ಕ್ಲೋರೈಡಿಗೆ ಹಸಿರಾಯ್ತು ಅಂತ ಮಾತ್ರ ಕುಣೀಬೇಡಿ, ತೊಗಟೇಲಿರೋ ಟ್ಯಾನಿನ್ನೂ ಬಣ್ಣ ಕೊಡುತ್ತೆ. ಮುಂದಿನ ಸಲ ಮೊದ್ಲು ಹೆಕ್ಸೇನಲ್ಲಿ ಒಂದ್ಸಲ ಓಡ್ಸಿ ಎಣ್ಣೆ ಜಿಡ್ಡು ತೆಗೀರಿ, ಆಮೇಲೆ ಮೆಥನಾಲ್.

ಮೂಡಿಗೆರೆ_ಮಳೆ:
ನಾನು ಕೆಮಿಸ್ಟ್ರಿಯೋನಲ್ಲ, ಕಾಫಿ ತೋಟದೋನು. ತೊಗಟೆನ ಕಾಂಡದ ಸುತ್ತ ಉಂಗುರದಂಗೆ ಕೆತ್ತಿಲ್ಲ ತಾನೇನಮ್ಮ? ಎಲೆ ಮಾಡಿದ ಊಟ ಬೇರಿಗೆ ಇಳಿಯೋದು ತೊಗಟೇಲೇ, ಸುತ್ತ ಕೆತ್ತಿದ್ರೆ ಮರ ಒಣಗುತ್ತೆ. ಮರಗಸಿ ಮಾಡ್ದಾಗ ಬಿದ್ದ ಕೊಂಬೇದು ತಗೊಳಿ. ಮತ್ತೆ ಬೇಗ ಒಣಗ್ಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕ್ಬೇಡಿ, ಹೊಗೆ ಹೀರ್ಕೊಂಡ್ರೆ ನಿಮ್ ರಿಪೋರ್ಟಲ್ಲಿ ಸೌದೇದೂ ಬರುತ್ತೆ.

ಹಾಸನದ_ಹುಡ್ಗಿ:
ಸರ್, ಬೂಷ್ಟು ಬಂದ್ಮೇಲೆ ಎರಡು ದಿನ ಅಟ್ಟಕ್ಕೇ ಹಾಕಿದ್ದೆ 🙈 ಮೆಥನಾಲ್ ಇಳ್ಸೋಕೆ ಬಳಸಿದ್ದೂ ಮೆತ್ತನೆ ಪ್ಲಾಸ್ಟಿಕ್ ಪೈಪು. ಮರ ಚೆನ್ನಾಗಿದೆ, ಒಂದ್ ಕಡೆ ಅಂಗೈಯಷ್ಟೇ ಕೆತ್ತಿದ್ದು. ಬ್ಲ್ಯಾಂಕ್ (ಬರೀ ಮೆಥನಾಲ್) ಓಡಿಸ್ತೀನಿ, ಈ ವಿಷ್ಯ ಗೈಡಿಗೆ ಹೇಳೋದೊಂದ್ ಬಾಕಿ.