‘ದೊಡ್ಡ ಗೇರ್’ ಅಂದರೆ ಯಾವುದು?

ಗೆಳೆಯರೇ,

ಹಳೆ ಸೈಕಲ್ ಗೇರ್‌ಗಳ ಬಗ್ಗೆ ಒಂದು ಚಿಕ್ಕ ಬರಹ ಬರೆಯುತ್ತಿದ್ದೇನೆ. ‘ಗೇರಿನ ಸೊಗಸು’ ಎಂದು ಹೆಸರಿಟ್ಟರೆ ನಮ್ಮ ಉಡುಪಿಯವರು ಗೇರುಬೀಜದ ವಿಷಯ ಅಂದುಕೊಳ್ಳುತ್ತಾರೆ, ಅಲ್ವಾ? ‘ಗೇರ್‌ನ’ ಎಂದು ಬರೆದು ಅದರಿಂದ ಪಾರಾಗಬಹುದು, ಬಿಡಿ. ನನ್ನ ತೊಡಕು ಬೇರೆ.

ಕಡಿಯಾಳಿಯಿಂದ ಮಣಿಪಾಲದ ಏರು ಹತ್ತುವಾಗ ಜೊತೆಯವರು ‘ದೊಡ್ಡ ಗೇರಿಗೆ ಹಾಕು’ ಅನ್ನುತ್ತಾರೆ. ಯಾವ ದೊಡ್ಡದು? ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಬಿದ್ದರೆ ಪೆಡಲ್ ಹಗುರ. ಮುಂದಿನ ದೊಡ್ಡದಕ್ಕೆ ಬಿದ್ದರೆ ಭಾರ. ‘ಗೇರ್ ಇಳಿಸು’ ಎಂಬುದೂ ಹೀಗೇ. ಕಾರು ಓಡಿಸುವವರಿಗೆ ಅದು ಏರು ಹತ್ತುವ ಗೇರ್. ಸೈಕಲ್‌ನ ಹಿಂಚಕ್ರ ನೋಡುತ್ತಾ ಕಲಿತವರಿಗೆ, ಚೈನ್ ಸಣ್ಣ ಹಲ್ಲಿಗೆ ಇಳಿಯುವುದು. ಅಂದರೆ ಪೂರಾ ಉಲ್ಟಾ.

ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿಯ ಹಳೆ ಮೂರು ಗೇರ್‌ನ ಹಬ್‌ನಲ್ಲಿ (ಹಿಂಚಕ್ರದ ನಡುವಿನ ಗುಂಬದಲ್ಲಿ) ಈ ಗೊಂದಲವೇ ಇಲ್ಲ. ಗೇರ್ ಬದಲಿಸುವ ಹಲ್ಲುಗಳೆಲ್ಲ ಹಬ್‌ನ ಒಳಗೆ. ನಡುವೆ ಅಚ್ಚಿಗೆ ಕಚ್ಚಿದ ಸೂರ್ಯಚಕ್ರ, ಅದರ ಸುತ್ತ ತಿರುಗುವ ಗ್ರಹಚಕ್ರಗಳು. ಸವಾರನಿಗೆ ಕಾಣುವುದು 1, 2, 3 ಮಾತ್ರ. 2 ಎಂದರೆ ನೇರ ಗೇರ್, ಹಿಂದಿನ ಹಲ್ಲುಚಕ್ರ ತಿರುಗಿದಷ್ಟೇ ಹಿಂಚಕ್ರವೂ ತಿರುಗುತ್ತದೆ. 1 ಅದಕ್ಕಿಂತ ಕಾಲು ಭಾಗ ಹಗುರ, 3 ಅದಕ್ಕಿಂತ ಮೂರನೇ ಒಂದು ಭಾಗ ಭಾರ. ನಮ್ಮ ಕರಿ ಸೈಕಲ್‌ನ ಮುಂದಿನ 44 ಹಲ್ಲಿನ ಚೈನ್‌ವೀಲ್, ಹಿಂದಿನ 18 ಹಲ್ಲಿನ ಫ್ರೀ ಲೆಕ್ಕ ಹಿಡಿದರೆ, ಒಂದು ಸುತ್ತು ಪೆಡಲ್‌ಗೆ ಹಿಂಚಕ್ರ ಎರಡನೇ ಗೇರಿನಲ್ಲಿ ಸುಮಾರು 2.4 ಸುತ್ತು, ಒಂದನೆಯದರಲ್ಲಿ 1.8, ಮೂರನೆಯದರಲ್ಲಿ 3.3. ಸಾಮಾನ್ಯ ಓಡಾಟಕ್ಕೆ ಇದಕ್ಕಿಂತ ಜಾಸ್ತಿ ಯಾಕೆ ಬೇಕೋ ನನಗಂತೂ ಗೊತ್ತಿಲ್ಲ. ಮಳೆ ನೀರು, ಮಲ್ಪೆಯ ಉಪ್ಪುಗಾಳಿ ಒಳಗಿನ ಹಲ್ಲಿಗೆ ಸುಲಭವಾಗಿ ತಾಗುವುದಿಲ್ಲ. ಆಗಾಗ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸಾಕು. ಈಗಿನ 12 ಹಲ್ಲುಚಕ್ರದ ಸೆಟ್ಟಿಗೆ ತೆಳು ಚೈನ್, ಕೂದಲೆಳೆಯ ಹೊಂದಾಣಿಕೆ. ಕೇಬಲ್ ಚೂರು ಸಡಿಲವಾದರೂ ಕಟಕಟ.

ಹಾಗಾಗಿ ದೊಡ್ಡದು, ಸಣ್ಣದು, ಮೇಲಿನದು, ಕೆಳಗಿನದು ಎಲ್ಲ ಬಿಟ್ಟು ‘ಹಗುರ ಗೇರ್’, ‘ಭಾರ ಗೇರ್’ ಎಂದೇ ಬರೆಯೋಣ ಅಂತ ನನ್ನ ಆಲೋಚನೆ. ಕಾಲಿಗೆ ತಿಳಿಯುವ ಮಾತು ಅದು. ‘ಲೂಸ್’, ‘ಟೈಟ್’ ಬೇಡ. ಲೂಸ್ ಅಂದರೆ ನಟ್ಟು ಸಡಿಲ ಅಂತಲೂ ಆಗುತ್ತದೆ.

ಇನ್ನೊಂದು ಜೋಡಿಗೆ ಮಾತ್ರ ನಿಮ್ಮ ನೆರವು ಬೇಕು. ಹಳೆ ರೇಸಿಂಗ್ ಸೈಕಲ್‌ಗಳಲ್ಲಿ ಫ್ರೇಮಿನ ಕೆಳದಂಡಕ್ಕೆ ಗೇರ್ ಬದಲಿಸುವ ಸಣ್ಣ ಸನ್ನೆ (ಲಿವರ್) ಇರುತ್ತಿತ್ತು. ಅದಕ್ಕೆ ಮೆಟ್ಟಿಲಿಲ್ಲ. ಚೈನ್ ಸದ್ದು ಕೇಳುತ್ತಾ, ಸರಿಯಾಗಿ ಕೂರುವ ತನಕ ಸರಿಸಬೇಕು. ಜಪಾನಿನ ಶಿಮಾನೊ ಕಂಪನಿ 1984ರಲ್ಲಿ ಒಂದು ಕ್ಲಿಕ್ಕಿಗೆ ಒಂದು ಗೇರ್ ಎಂಬ ಏರ್ಪಾಡು ತಂದಿತು. ಈ ಎರಡನೆಯದನ್ನು ‘ಮೆಟ್ಟಿಲು ಗೇರ್’ ಅನ್ನಬಹುದು. ಮೊದಲನೆಯದಕ್ಕೆ ‘ಘರ್ಷಣ ಗೇರ್’ ಅಂದರೆ ವಿಜ್ಞಾನದ ಪಾಠದ ಹಾಗಿದೆ. ‘ಅಂದಾಜು ಗೇರ್’ ನನಗೆ ಇಷ್ಟ, ಆದರೆ ಅದು ತೀರಾ ತಮಾಷೆ ಅನಿಸುತ್ತದೋ ಏನೋ.

ಮಂಗಳೂರು ಕಡೆಯ ಹಳೆ ರಿಪೇರಿಯವರು ಈ ಸನ್ನೆಗೆ ಏನನ್ನುತ್ತಿದ್ದರು? ತುಳು ಮಾತಾದರೂ ಸರಿ. ‘ಹಲ್ಲು’ ಎಂಬುದಕ್ಕೆ ಮಾತ್ರ ತುಳು ಪದ ಬೇಡ. ‘44 ಕೂಲಿಯ ಚಕ್ರ’ ಅಂದರೆ ಘಟ್ಟದ ಮೇಲಿನವರು ದಿನಗೂಲಿ ಲೆಕ್ಕ ಹಾಕಲು ಶುರುಮಾಡುತ್ತಾರೆ.