ಕಿಡ್ನಿ ಗಡ್ಡೆ ತೆಗೆಸಿದ ಆರು ವಾರಕ್ಕೇ "ಮತ್ತೆ ಗಂಟು" ಅಂತ ರಿಪೋರ್ಟ್: ಪೆಟ್ ಸ್ಕ್ಯಾನ್ ಮಾಡಿಸಬೇಕಾ?

ಪ್ರಶ್ನೆ
ಅಪ್ಪನಿಗೆ 61. ಎಡ ಕಿಡ್ನಿ ಉಳಿಸಿ 4.5 ಸೆಂ.ಮೀ. ಗಡ್ಡೆಯನ್ನಷ್ಟೇ ತೆಗೆದಿದ್ದಾರೆ. ಬಯಾಪ್ಸಿ: ಕ್ಲಿಯರ್ ಸೆಲ್ (ಕಿಡ್ನಿ ಕ್ಯಾನ್ಸರ್‌ನ ಒಂದು ಬಗೆ), ಗ್ರೇಡ್ 2, ಪಿಟಿ1ಬಿ (ಕಿಡ್ನಿಯೊಳಗೇ ಇರುವ, 4ರಿಂದ 7 ಸೆಂ.ಮೀ. ಗಡ್ಡೆಯ ಹಂತ), ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಈಗ ಅಲ್ಟ್ರಾಸೌಂಡ್‌ನಲ್ಲಿ ಆಪರೇಷನ್ ಜಾಗದಲ್ಲೇ 2 ಸೆಂ.ಮೀ. ಗಂಟು, "ಮರುಕಳಿಸಿರಬಹುದು" ಅಂತ ಬಂದಿದೆ. ಕ್ರಿಯಾಟಿನಿನ್ 1.4, ಶುಗರ್‌ಗೆ ಮೆಟ್‌ಫಾರ್ಮಿನ್ ಇದೆ. ಪೆಟ್ ಮಾಡಿಸೋದಾ?

ಉತ್ತರ 1
ಪೆಟ್ ಬೇಡ. ಅದರ ಸಕ್ಕರೆ ದ್ರಾವಣ ಮೂತ್ರದಲ್ಲೇ ಹೊರಹೋಗುವುದರಿಂದ ಕಿಡ್ನಿಯೇ ಹೊಳೆಯುತ್ತದೆ. ಮೇಲಾಗಿ ಕ್ಲಿಯರ್ ಸೆಲ್ ಗಡ್ಡೆ ಅದನ್ನು ಹೀರಿಕೊಳ್ಳುತ್ತದೆಂಬ ಭರವಸೆಯಿಲ್ಲ.

ಅಂಚು ಶುದ್ಧವಿದ್ದ ಗ್ರೇಡ್ 2 ಗಡ್ಡೆ ಆರು ವಾರದಲ್ಲಿ ಇಷ್ಟು ಬೆಳೆಯುವುದು ತೀರಾ ಅಪರೂಪ. ರಕ್ತ ನಿಲ್ಲಲೆಂದು ಗಡ್ಡೆ ತೆಗೆದ ಗುಂಡಿಗೆ ಸರ್ಜಿಸೆಲ್ (ರಕ್ತ ನಿಲ್ಲಿಸುವ ಬಟ್ಟೆಯಂಥ ವಸ್ತು) ಅಥವಾ ಕೊಬ್ಬು ತುಂಬಿ ಹೊಲಿಯುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಅದು ಗಂಟಿನಂತೆಯೇ ಕಾಣುತ್ತದೆ. ಸಿ.ಟಿ.ಯಲ್ಲಿ ಸರ್ಜಿಸೆಲ್ ಒಳಗೆ ಗಾಳಿಗುಳ್ಳೆಗಳು ಒತ್ತೊತ್ತಾಗಿ, ಅಲುಗದೆ ಕೂತಿರುತ್ತವೆ. ಕೀವಾದರೆ ಗಾಳಿ ಮೇಲೆ, ದ್ರವ ಕೆಳಗೆ ನಿಂತು ಸುತ್ತ ಅಂಚು ಬೆಳಗುತ್ತದೆ, ಜ್ವರವೂ ಇರುತ್ತದೆ. ಸ್ಕ್ಯಾನ್ ಚೀಟಿಯಲ್ಲಿ ಆಪರೇಷನ್ ದಿನಾಂಕ, ಏನು ತುಂಬಿದ್ದಾರೆ ಎಂಬುದನ್ನು ಬರೆಸಿ. ಅದಿಲ್ಲದೆ ಹೋದರೆ ಇಂಥ ರಿಪೋರ್ಟ್‌ಗಳೇ ಬರುವುದು.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಬಿಟ್ಟುಹೋಗಿದೆ. ಆ ಗಂಟಿನ ಮೇಲೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಹಾಕಿದ್ದಾರಾ ನೋಡಿ. ಹೊಲಿಗೆ ಜಾಗದ ರಕ್ತನಾಳ ಉಬ್ಬಿದರೂ ಹೀಗೇ ಕಾಣುತ್ತದೆ, ಒಳಗೆ ರಕ್ತ ಸುಳಿಯುತ್ತಿರುತ್ತದೆ. ಮೂತ್ರದಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕ್ಯಾತಿಟರ್ ಮೂಲಕ ಆ ನಾಳ ಮುಚ್ಚುತ್ತಾರೆ.

ಉತ್ತರ 3
ಡಾಪ್ಲರ್ ಸರಿಯಿದ್ದು ಜ್ವರ, ರಕ್ತ ಏನೂ ಇಲ್ಲದಿದ್ದರೆ, ನಿಮ್ಮ ಯೂರಾಲಜಿಸ್ಟ್ ಒಪ್ಪಿದರೆ, 3–6 ತಿಂಗಳಿಗೆ ಹೊಟ್ಟೆಯ ಸಿ.ಟಿ. ಸಾಕು. ಮುಂದಿನ ಸ್ಕ್ಯಾನ್‌ಗಳಿಗೆಲ್ಲ ಅದೇ ಅಳತೆಗೋಲು. ಮೊದಲು ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಇಲ್ಲದೆ, ಆಮೇಲೆ ಅದನ್ನು ಚುಚ್ಚಿ ಸುಮಾರು 35 ಮತ್ತು 100 ಸೆಕೆಂಡಿಗೆ ತೆಗೆಯಬೇಕು. 35ರದ್ದು ಪ್ಯಾಂಕ್ರಿಯಾಸ್‌ಗೆ ಹರಡಿದ್ದನ್ನು ತೋರಿಸುತ್ತದೆ, ಆದರೆ ಕಿಡ್ನಿಯ ಒಳಭಾಗ ಇನ್ನೂ ಕಪ್ಪಗಿರುವುದರಿಂದ ಅಲ್ಲಿನ ಸಣ್ಣ ಗಂಟು ತಪ್ಪಿಹೋಗಬಹುದು; ಅದಕ್ಕೇ 100ರದ್ದು. ಕಾಂಟ್ರಾಸ್ಟ್ ನಂತರ ಗಂಟಿನ ಸಾಂದ್ರತೆ 20 ಹೌನ್ಸ್‌ಫೀಲ್ಡ್ ಯೂನಿಟ್ (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ) ಅಥವಾ ಹೆಚ್ಚು ಏರಿದರೆ ಅನುಮಾನ, ಏರಿಕೆ 10ಕ್ಕಿಂತ ಕಡಿಮೆಯಿದ್ದರೆ ಇಲ್ಲ. ನಡುವೆ ಬಂದರೆ ಎಂ.ಆರ್.ಐ.

ಎದೆಯನ್ನು ಮರೆಯಬೇಡಿ. ಕಿಡ್ನಿ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ; ಸಣ್ಣ ಗಂಟು ಎಕ್ಸ್‌ರೇಗೆ ಸಿಗುವುದಿಲ್ಲ. ಎದೆಯ ಸಿ.ಟಿ.ಗೆ ಕಾಂಟ್ರಾಸ್ಟ್ ಬೇಕೇ ಬೇಕೆಂದಿಲ್ಲ.

ಕ್ರಿಯಾಟಿನಿನ್ 1.4ಕ್ಕೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂದಾಜು) ಸುಮಾರು 57 ಬರುತ್ತದೆ. ಅದು 30ಕ್ಕಿಂತ ಕೆಳಗಿಳಿದರೆ ಮಾತ್ರ ಕಾಂಟ್ರಾಸ್ಟ್ ಕೊಡುವಾಗ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆ ಬಿಟ್ಟು ಕ್ರಿಯಾಟಿನಿನ್ ನೋಡುವ ಮಾತು. ಆದರೂ ಸ್ಕ್ಯಾನ್‌ಗೆ ಮುಂಚೆ ಹೊಸ ಕ್ರಿಯಾಟಿನಿನ್ ಮಾಡಿಸಿ. ಫಿಲ್ಮ್ ಜೊತೆ ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರ) ಇರುವ ಸಿ.ಡಿ.ಯನ್ನೂ ಕೇಳಿ ತೆಗೆದುಕೊಳ್ಳಿ. ಫಿಲ್ಮ್ ಮೇಲೆ ಯಾರೂ ಸಾಂದ್ರತೆ ಅಳೆಯಲಾರರು.